ನೆಲದೊಳಗೆ ಬಿಸಿನೀರು: ಮಿನೆಸೋಟದ ಒಂದು ಮನೆಗೆ ಕೋಣೆ ಸೇರಿಸಿದ ಪ್ರಕರಣ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹೊರವಲಯದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದ ಮನೆಯ ವಿಷಯ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ಲೆಕ್ಕಗಳನ್ನು ಮಾತ್ರ ಮುಟ್ಟಿಲ್ಲ. ಮನೆ ಬೆಚ್ಚಗಿಡುವ ವ್ಯವಸ್ಥೆಗಳ ವಿನ್ಯಾಸ ನನ್ನ ವೃತ್ತಿ. ಈ ಕೆಲಸದಲ್ಲಿ ಲೆಕ್ಕ ಹಾಕಿ ನಕ್ಷೆ ಕೊಟ್ಟವನು ನಾನು, ಕಟ್ಟಿದವರು ಬೇರೆ. ಷಿಕಾಗೊ, ಟೊರಾಂಟೊ ಕಡೆಯ ಕನ್ನಡದವರು ಅಪ್ಪ ಅಮ್ಮನಿಗಾಗಿ ಮನೆಗೆ ಕೋಣೆ ಸೇರಿಸುವ ಮಾತು ಬಂದಾಗಲೆಲ್ಲ, ನೆಲದೊಳಗೆ ಬಿಸಿನೀರಿನ ಪೈಪ್ ಹಾಕಿ ಅದನ್ನು ಬೆಚ್ಚಗಿಡಬಹುದೇ ಎಂದು ಕೇಳುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆದಿದ್ದೇನೆ.

ಹಿನ್ನೆಲೆ

ಮನೆ ಎರಡಂತಸ್ತಿನದು, ಮರದ ಚೌಕಟ್ಟಿನದು. ಗ್ಯಾಸ್ ಫರ್ನೇಸ್ ಗಾಳಿಯನ್ನು ಕಾಯಿಸಿ ಡಕ್ಟ್‌ಗಳ ಮೂಲಕ ಕೋಣೆಗಳಿಗೆ ದೂಡುತ್ತದೆ. ಈ ಊರುಗಳಲ್ಲಿ ಹೆಚ್ಚಿನ ಮನೆಗಳ ಏರ್ಪಾಡು ಇದೇ. ಮಲಗುವ ಕೋಣೆಗಳೆಲ್ಲ ಮೇಲಿನ ಅಂತಸ್ತಿನಲ್ಲಿವೆ. ಊರಿನಿಂದ ಬಂದು ಮಗನ ಜೊತೆ ಉಳಿದ ತಂದೆಗೆ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದೆ. ತಾಯಿಗೆ ಮಂಡಿನೋವು. ಮೆಟ್ಟಿಲು ಹತ್ತಿಳಿಯುವುದು ಇಬ್ಬರಿಗೂ ಕಷ್ಟವಾದಾಗ ಮನೆಯ ಹಿಂಬದಿಗೆ ನೆಲಮಟ್ಟದಲ್ಲೇ 20 ಅಡಿಗೆ 20 ಅಡಿ, ಅಂದರೆ 400 ಚದರ ಅಡಿ ಸೇರಿಸಲು ಮಗ ಸೊಸೆ ತೀರ್ಮಾನಿಸಿದರು. ಅದರಲ್ಲಿ ಒಂದು ದೊಡ್ಡ ಕೋಣೆ, ಸ್ನಾನದ ಮನೆ, ದೇವರಿಗೊಂದು ಮೂಲೆ, ಗೋಡೆಗೆ ಹೊಂದಿಕೊಂಡ ಸಾಮಾನಿನ ಕಪಾಟು.

ಹೊಸ ಭಾಗದ ಮೂರು ಗೋಡೆಗಳು ಬಯಲಿಗೆ. ಫರ್ನೇಸ್ ಇರುವುದು ನೆಲಮಾಳಿಗೆಯ ಇನ್ನೊಂದು ತುದಿಯಲ್ಲಿ. ಡಕ್ಟ್ ಎಳೆಯಬಹುದಿತ್ತು. ಆದರೆ ಇರುವ ಡಕ್ಟ್‌ಗಳೇ ಕಿರಿದು. ಎಳೆದಿದ್ದರೆ ಮೇಲಿನ ಕೋಣೆಗಳಿಗೆ ಹೋಗುವ ಗಾಳಿ ಕಡಿಮೆಯಾಗುತ್ತಿತ್ತು, ಹೊಸ ಕೋಣೆಯೂ ಸರಿಯಾಗಿ ಬೆಚ್ಚಗಾಗುತ್ತಿರಲಿಲ್ಲ. ಇನ್ನೂ ಒಂದು ಕಾರಣವಿತ್ತು, ಮಗ ಅದನ್ನು ಮೊದಲ ಭೇಟಿಯಲ್ಲೇ ಹೇಳಿದರು: ಅಮ್ಮನ ದಿನವೆಲ್ಲ ಕಳೆಯುವುದು ನೆಲದ ಮೇಲೆ. ಪೂಜೆ, ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಮೊಮ್ಮಕ್ಕಳಿಗೆ ತಲೆ ಬಾಚುವುದು ಎಲ್ಲವೂ ಕೂತೇ. ಜನವರಿಯಲ್ಲಿ ಇಲ್ಲಿ ಕಾಂಕ್ರೀಟ್ ನೆಲದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಹಾಗಾಗಿ ನೆಲವನ್ನೇ ಬೆಚ್ಚಗಿಡಬೇಕು, ನೆಲದೊಳಗೆ ಪೈಪ್ ಹಾಕಿ ಬಿಸಿನೀರು ಹರಿಸಬೇಕು ಎನ್ನುವುದು ಅವರ ಅಪೇಕ್ಷೆ.

ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಊರಿನಲ್ಲಿ ಕಟ್ಟಡದ ಕೆಲಸ ಮಾಡಿಸಿ ಅನುಭವ ಇರುವವರು. "ಕಾಂಕ್ರೀಟಿನೊಳಗೆ ಪೈಪ್ ಹೂತುಬಿಟ್ಟು ನಾಳೆ ಸೋರಿದ್ರೆ ಏನ್ ಮಾಡ್ತೀಯಪ್ಪ? ನೆಲ ಒಡೀತೀಯಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಮುಗಿಸಿದ ಜೇಕಬ್ಸ್ ಮನೆಯಲ್ಲೇ ನೆಲದಡಿಯ ಪೈಪುಗಳಿಂದ ಮನೆ ಬೆಚ್ಚಗಿಡುವ ಏರ್ಪಾಡಿತ್ತು. ಹತ್ತು ವರ್ಷದ ನಂತರ ನ್ಯೂಯಾರ್ಕ್ ಬಳಿಯ ಲೆವಿಟೌನ್‌ನಲ್ಲಿ ಸಾಲುಸಾಲಾಗಿ ಎದ್ದ ಮನೆಗಳ ಸ್ಲ್ಯಾಬಿನಲ್ಲಿ, ಅಂದರೆ ನೆಲದ ಕಾಂಕ್ರೀಟ್ ಹಾಸಿನಲ್ಲಿ, ತಾಮ್ರದ ಪೈಪ್ ಹೂತರು. ವರ್ಷಗಳು ಕಳೆದಂತೆ ಅವುಗಳಲ್ಲಿ ಬಹಳಷ್ಟು ಸೋರತೊಡಗಿದವು, ಈ ಪದ್ಧತಿಗೆ ಕೆಟ್ಟ ಹೆಸರು ಬಂತು. ಮತ್ತೆ ಅದರ ಮೇಲೆ ನಂಬಿಕೆ ಹುಟ್ಟಿಸಿದ್ದು ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್. ಅದು ತುಕ್ಕು ಹಿಡಿಯುವುದಿಲ್ಲ, ಬಳುಕುತ್ತದೆ, ಸುರುಳಿಯಲ್ಲಿ ಬರುವುದರಿಂದ ಕಾಂಕ್ರೀಟಿನೊಳಗೆ ಒಂದೂ ಜೋಡಣೆಯಿಲ್ಲದೆ ಪೂರ್ತಿ ಸುತ್ತು ಹಾಕಬಹುದು. ತಂದೆಗೆ ಇದನ್ನೆಲ್ಲ ಹೇಳಿದೆ. ಆಮ್ಲಜನಕ ತಡೆಯುವ ಪದರ ಇರುವ ಪೆಕ್ಸನ್ನೇ ತರಿಸಬೇಕೆಂದೂ ಒತ್ತಿ ಹೇಳಿದೆ. ಆ ಪದರವಿಲ್ಲದ ಪೈಪಿನ ಗೋಡೆಯ ಮೂಲಕ ಗಾಳಿಯಲ್ಲಿರುವ ಆಮ್ಲಜನಕ ನೀರಿಗೆ ಇಳಿಯುತ್ತದೆ. ಪೈಪಿಗೆ ಏನೂ ಆಗದಿದ್ದರೂ ಪಂಪ್, ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ತುಕ್ಕು ಹಿಡಿದು ಹೋಗುತ್ತವೆ.

ಮೊದಲು ಲೆಕ್ಕ

ನೀರು ಕಾಯಿಸುವ ಬಾಯ್ಲರ್ ಯಾವುದು ಎನ್ನುವ ಮಾತು ಎಲ್ಲರಿಗೂ ಮೊದಲು ಬರುತ್ತದೆ. ಕೋಣೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಮುಗಿಯುವವರೆಗೆ ಆ ಮಾತಿಗೆ ಅರ್ಥವಿಲ್ಲ. ಹೊರಗೆ −26 ಡಿಗ್ರಿ ಸೆಲ್ಸಿಯಸ್, ಒಳಗೆ 21 ಡಿಗ್ರಿ (70 ಫ್ಯಾರನ್‌ಹೀಟ್) ಎಂದು ಹಿಡಿದೆವು. ಮೊದಲ ನಕ್ಷೆಯಲ್ಲಿ 140 ಚದರ ಅಡಿಯಷ್ಟು ಕಿಟಕಿ, ಗಾಜಿನ ಬಾಗಿಲು ಇತ್ತು, ಎಲ್ಲ ಎರಡು ಪದರದ ಗಾಜು. ಗೋಡೆ, ಕಿಟಕಿ, ಮಾಳಿಗೆ, ಸಂದುಗಳಲ್ಲಿ ನುಗ್ಗುವ ಗಾಳಿ, ಸ್ಲ್ಯಾಬಿನ ಅಂಚು ಎಲ್ಲ ಸೇರಿ ಗಂಟೆಗೆ ಸುಮಾರು 10,600 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ನಷ್ಟ. ನಮ್ಮ ಕಡೆಯವರಿಗೆ ಗೊತ್ತಿರುವ ಅಳತೆಯಲ್ಲಿ ಹೇಳುವುದಾದರೆ, ಒಂದು ಟನ್ನಿನ ಏಸಿ ಎಂದರೆ ಗಂಟೆಗೆ 12,000 ಬಿಟಿಯು. ಕೊರೆಯುವ ಆ ಚಳಿಗೂ ಈ ಕೋಣೆಗೆ ಬೇಕಾದದ್ದು ಒಂದು ಟನ್ನಿಗಿಂತ ಕಡಿಮೆ.

ಇಷ್ಟು ಶಾಖವನ್ನು ನೆಲ ಕೊಡಬಲ್ಲದೇ ಎನ್ನುವುದು ಮುಂದಿನ ಪ್ರಶ್ನೆ. ನೆಲದ ಮೇಲ್ಮೈ ಕೋಣೆಗಿಂತ ಒಂದು ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿದ್ದರೆ ಚದರ ಅಡಿಗೆ ಗಂಟೆಗೆ ಸುಮಾರು 2 ಬಿಟಿಯು ಶಾಖ ಹೊರಬರುತ್ತದೆ. ನೆಲವನ್ನು ಎಷ್ಟು ಬೇಕಾದರೂ ಕಾಯಿಸಲು ಬರುವುದಿಲ್ಲ. 29 ಡಿಗ್ರಿ ಸೆಲ್ಸಿಯಸ್, ಅಂದರೆ 84-85 ಫ್ಯಾರನ್‌ಹೀಟ್ ದಾಟಿದರೆ ಕಾಲಿಗೆ ಹಿತವಿರುವುದಿಲ್ಲ. ಈ ಮನೆಯಲ್ಲಂತೂ ಸುಟ್ಟರೂ ತಿಳಿಯದ ಪಾದಗಳಿದ್ದವು. ಇನ್ನು 400 ಚದರ ಅಡಿಯೂ ಪೈಪಿಗೆ ಸಿಗುವುದಿಲ್ಲ. ಕಮೋಡಿನ ಸುತ್ತ ಬಿಡಬೇಕು, ಇಲ್ಲದಿದ್ದರೆ ಅದರ ಅಡಿಯ ಮೇಣದ ಉಂಗುರ ಮೆತ್ತಗಾಗಿ ಸೋರಬಹುದು. ಬಟ್ಟೆಯ ಬೀರು, ಶವರ್ ಜಾಗವನ್ನೂ ಬಿಟ್ಟೆವು. ಅಕ್ಕಿ ಮೂಟೆ, ಬೆಲ್ಲ, ಉಪ್ಪಿನಕಾಯಿ ಜಾಡಿ ಇಡುವ ಕಪಾಟಿನ ಅಡಿ ಬಿಸಿ ಬೇಡವೆಂದು ತಾಯಿಯೇ ಹೇಳಿದರು. ಉಳಿದದ್ದು 320 ಚದರ ಅಡಿ. 10,600ನ್ನು 320ರಿಂದ ಭಾಗಿಸಿದರೆ ಚದರ ಅಡಿಗೆ 33 ಬಿಟಿಯು, ಅಂದರೆ ನೆಲ 86 ಫ್ಯಾರನ್‌ಹೀಟ್ ದಾಟಬೇಕು. ಮಿತಿ ಮೀರಿತು.

ಪ್ರಕರಣದ ಮೊದಲ ತಿರುವು ಇದು. ಕಂಟ್ರಾಕ್ಟರ್ ಸೂಚಿಸಿದ್ದು ನೀರನ್ನು ಇನ್ನೂ ಬಿಸಿ ಮಾಡುವುದನ್ನು. ನಾನು ಸೂಚಿಸಿದ್ದು ಕಿಟಕಿ ಬದಲಿಸುವುದನ್ನು. ಮೂರು ಪದರದ ಗಾಜಿಗೆ ಹೋದರೆ ನಷ್ಟ ಸುಮಾರು 9,400ಕ್ಕೆ ಇಳಿಯುತ್ತಿತ್ತು, ನೆಲ ಸುಮಾರು 85ಕ್ಕೆ ನಿಲ್ಲುತ್ತಿತ್ತು. ಅದೂ ವರ್ಷದ ಕೆಲವೇ ರಾತ್ರಿ, ಮಿಕ್ಕ ದಿನಗಳಲ್ಲಿ ಅದಕ್ಕಿಂತ ತಂಪಾಗಿಯೇ ಇರುತ್ತಿತ್ತು. ದುಡ್ಡು ಹೆಚ್ಚಾಯಿತು. ಆದರೆ ಗಾಜಿಗೆ ಹಾಕಿದ ದುಡ್ಡು ಮನೆ ಇರುವಷ್ಟು ದಿನ ಕೆಲಸ ಮಾಡುತ್ತದೆ, ಯಂತ್ರಕ್ಕೆ ಹಾಕಿದ್ದು ಹದಿನೈದು ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ.

ಇದೇ ಹೊತ್ತಿಗೆ ಸೊಸೆ ಒಂದು ಮಾತು ಕೇಳಿದರು: "ಸರ್, ಜುಲೈನಲ್ಲಿ ಏನ್ ಮಾಡೋದು?" ಮಿನೆಸೋಟದ ಬೇಸಿಗೆ ಸೆಕೆಯದು, ಗಾಳಿಯಲ್ಲಿ ತೇವವೂ ಹೆಚ್ಚು. ನೆಲದ ಪೈಪಿನಲ್ಲಿ ತಣ್ಣೀರು ಹರಿಸಿದರೆ ನೆಲವೆಲ್ಲ ಬೆವರಿ ಜಾರುತ್ತದೆ. ಕೋಣೆಗೆ ಹೇಗೂ ತಂಪು ಬೇಕಿತ್ತು, ಏಸಿಯಂತೆ ತಂಪನ್ನೂ, ಬೇಕಾದಾಗ ಬಿಸಿಯನ್ನೂ ಕೊಡುವ ಒಂದು ಸಣ್ಣ ಮಿನಿ ಸ್ಪ್ಲಿಟ್ ಹೀಟ್ ಪಂಪ್ ಸೇರಿಸಿದೆವು. ಅತಿ ಚಳಿಯ ರಾತ್ರಿ ನೆಲಕ್ಕೆ ಅದು ಕೈಜೋಡಿಸುತ್ತದೆ. ಏಪ್ರಿಲ್, ಅಕ್ಟೋಬರ್ ತಿಂಗಳುಗಳ ಬಿಸಿಲು-ಚಳಿ ಕಣ್ಣಾಮುಚ್ಚಾಲೆಗೆ ಬೇಗ ಸ್ಪಂದಿಸುವುದೂ ಅದೇ.

ಬಿಸಿನೀರು ಎಲ್ಲಿಂದ

ಕಂಟ್ರಾಕ್ಟರ್‌ಗಳಿಂದ ಬಂದ ಸಲಹೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ.

ಒಬ್ಬರು ಗಂಟೆಗೆ 1,10,000 ಬಿಟಿಯುವಿನ ಗ್ಯಾಸ್ ಬಾಯ್ಲರ್ ಹೇಳಿದರು. ಅದು ತನ್ನ ಉರಿಯನ್ನು ಐದನೇ ಒಂದು ಭಾಗಕ್ಕೆ ಇಳಿಸಿಕೊಳ್ಳಬಲ್ಲದು, ಅಂದರೆ 22,000. ಕೋಣೆಗೆ ಬೇಕಾದ ಗರಿಷ್ಠದ ಎರಡರಷ್ಟು ಅದರ ಕನಿಷ್ಠ! ನಿಮಿಷ ನಿಮಿಷಕ್ಕೂ ಹತ್ತುತ್ತಾ ಆರುತ್ತಾ ಬೇಗ ಸವೆದುಹೋಗುತ್ತಿತ್ತು.

ಇನ್ನೊಬ್ಬರದು ತೀರಾ ಅಗ್ಗದ ದಾರಿ. ಸ್ನಾನಕ್ಕೆ, ಅಡುಗೆಗೆ ನೀರು ಕಾಯಿಸುವ ವಾಟರ್ ಹೀಟರಿನ ನೀರನ್ನೇ ನೆಲದ ಪೈಪಿನಲ್ಲೂ ಸುತ್ತಿಸಿ ಮತ್ತೆ ಅದೇ ಟ್ಯಾಂಕಿಗೆ ಬಿಡುವುದು. ಇದಕ್ಕೆ ನಾನು ಖಡಾಖಂಡಿತವಾಗಿ ಬೇಡ ಎಂದೆ. ಬೇಸಿಗೆಯುದ್ದಕ್ಕೂ ಆ ನೀರು ನೆಲದೊಳಗೆ ನಿಂತಲ್ಲೇ ನಿಂತಿರುತ್ತದೆ. ಚಳಿಗಾಲದಲ್ಲಿ ಹರಿಯುವಾಗಲೂ ಅದು ಉಗುರುಬೆಚ್ಚಗೆ. 25ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ಶವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಅದು ನ್ಯುಮೋನಿಯಾ ತರುತ್ತದೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ಇಂಥ ಇಬ್ಬರಿಗಾಗಿಯೇ ಕಟ್ಟುವ ಕೋಣೆಗೆ ಆ ನೀರನ್ನು ತರುವ ಮಾತೇ ಇಲ್ಲ.

ಮೂರನೆಯದು ಕರೆಂಟಿನ ಪುಟ್ಟ ಬಾಯ್ಲರ್. ಸರಳ, ಹೊಗೆಕೊಳವೆಯೂ ಬೇಡ. ನಾವು ಹಿಡಿದ ದರ ಕರೆಂಟಿಗೆ ಯೂನಿಟ್‌ಗೆ 15 ಸೆಂಟ್, ಗ್ಯಾಸಿಗೆ ಥರ್ಮ್ ಒಂದಕ್ಕೆ ಒಂದು ಡಾಲರ್. ಒಂದು ಥರ್ಮ್ ಎಂದರೆ 29.3 ಯೂನಿಟ್. ಒಂದೇ ಶಾಖಕ್ಕೆ ಗ್ಯಾಸಿನಲ್ಲಿ ಒಂದು ಡಾಲರ್ ಚಿಲ್ಲರೆ, ಕರೆಂಟಿನಲ್ಲಿ ನಾಲ್ಕು ಡಾಲರ್ ನಲವತ್ತು ಸೆಂಟ್. ಇಡೀ ಚಳಿಗಾಲಕ್ಕೆ ಹಾಕಿ ನೋಡಿದರೆ ವ್ಯತ್ಯಾಸ ಸುಮಾರು 500 ಡಾಲರ್.

ಕೊನೆಗೆ ತೀರ್ಮಾನವನ್ನು ಸುಲಭ ಮಾಡಿದ್ದು ಮನೆಯ ಹಳೆಯ ವಾಟರ್ ಹೀಟರ್. ಅದರ ಆಯಸ್ಸು ಹೇಗೂ ಮುಗಿದಿತ್ತು. ಅದರ ಜಾಗಕ್ಕೆ, ಹೊಗೆಯ ಜೊತೆ ಹೋಗುವ ಶಾಖವನ್ನೂ ಹಿಡಿದು ಬಳಸುವ ಕಂಡೆನ್ಸಿಂಗ್ ಬಗೆಯ ಗ್ಯಾಸ್ ವಾಟರ್ ಹೀಟರ್ ತಂದು, ಅದರ ಪಕ್ಕದ ಮೂತಿಗಳಿಂದ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರಿಗೆ ಜೋಡಿಸಿದೆವು. ಒಂದು ಬದಿಯಲ್ಲಿ ಸ್ನಾನದ ನೀರು, ಇನ್ನೊಂದು ಬದಿಯಲ್ಲಿ ನೆಲದ ನೀರು. ಲೋಹದ ತೆಳು ತಗಡಿನಾಚೆಗೆ ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ. ಟ್ಯಾಂಕಿನಲ್ಲೇ ಬೇಕಾದಷ್ಟು ಬಿಸಿನೀರು ದಾಸ್ತಾನಿರುವುದರಿಂದ ಹತ್ತುತ್ತಾ ಆರುವ ತೊಂದರೆಯೂ ತಪ್ಪಿತು. ಟ್ಯಾಂಕನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ನಲ್ಲಿಗೆ ಹೋಗುವ ಮುನ್ನ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್‌ನಲ್ಲಿ 49ಕ್ಕೆ ಇಳಿಸಿದೆವು. ನೆಲಕ್ಕೆ ಹೋಗುವ ನೀರು ಅತಿ ಚಳಿಯಲ್ಲೂ 40ರ ಆಸುಪಾಸು ಸಾಕಾಗುವಂತೆ ಪೈಪಿನ ಅಂತರ ಇಟ್ಟೆ: ಹೊರಗೋಡೆಗಳ ಉದ್ದಕ್ಕೂ 6 ಅಂಗುಲ, ಒಳಗೆ 9 ಅಂಗುಲ. ಅರ್ಧ ಅಂಗುಲದ ಪೈಪಿನ ಒಂದೊಂದು ಸುತ್ತು 300 ಅಡಿ ಮೀರಬಾರದು, ಮೀರಿದರೆ ಪಂಪ್ ಏದುಸಿರು ಬಿಡುತ್ತದೆ. ಇಲ್ಲಿ ಸುಮಾರು 250 ಅಡಿಯ ಎರಡು ಸುತ್ತು ಬಂದವು.

ಕಾಂಕ್ರೀಟ್ ಹಾಕಿದ ದಿನ

ಈ ಭಾಗದಲ್ಲಿ ಪಾಯ ಕನಿಷ್ಠ 42 ಅಂಗುಲ ಆಳಕ್ಕೆ ಹೋಗಬೇಕೆನ್ನುವುದು ಕಟ್ಟಡ ನಿಯಮ, ಅಷ್ಟು ಆಳದವರೆಗೂ ಮಣ್ಣು ಹೆಪ್ಪುಗಟ್ಟುತ್ತದೆ. ಪಾಯದ ಗೋಡೆಗಳ ನಡುವೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 3 ಅಂಗುಲದ ಗಟ್ಟಿ ಫೋಮ್ ಹಲಗೆ, ಮೇಲೆ ಕಂಬಿಯ ಜಾಲರಿ. ಪೈಪನ್ನು ಜಾಲರಿಗೆ ಕಟ್ಟಿದರು. ಸ್ಲ್ಯಾಬಿನ ಅಂಚಿಗೂ ಪಾಯದ ಗೋಡೆಗೂ ನಡುವೆ 2 ಅಂಗುಲದ ಫೋಮ್ ನಿಲ್ಲಿಸಿದರು. ನಗರಸಭೆಯ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದರು.

ಪೈಪಿನೊಳಗೆ 60 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ ಗೇಜ್ ಕೂರಿಸಿದ್ದೆವು. ಮರುದಿನ ಬೆಳಗ್ಗೆ ಮಗ ಗಾಬರಿಯಿಂದ ಫೋನ್ ಮಾಡಿದರು, ಮುಳ್ಳು 58ಕ್ಕೆ ಬಂದಿದೆ ಎಂದು. ರಾತ್ರಿ ಹೊರಗಿನ ಉಷ್ಣತೆ ಹತ್ತು ಡಿಗ್ರಿ ಇಳಿದಿತ್ತು. ಅಷ್ಟು ತಣ್ಣಗಾದ ಗಾಳಿಯ ಒತ್ತಡ ಎರಡೂವರೆ ಪಿಎಸ್‌ಐನಷ್ಟು ಇಳಿಯುವುದು ಸಹಜ, ಬಿಸಿಲೇರಿದಾಗ ಮುಳ್ಳು ತಾನೇ ಮೇಲೆ ಬಂತು. ಆ ಬೆಳಗಿನ ಮಾತುಕತೆಯಿಂದ ಒಂದು ಉಪಕಾರವಾಯಿತು. ಯಾವ ಇಳಿಕೆ ಚಳಿಯದು, ಯಾವುದು ಸೋರಿಕೆಯದು ಎಂದು ಮಗನಿಗೆ ಸ್ಪಷ್ಟವಾಯಿತು, ಕಾಂಕ್ರೀಟ್ ಹಾಕುವಷ್ಟು ಹೊತ್ತೂ ಗೇಜಿನ ಮುಂದೆಯೇ ನಿಲ್ಲಲು ಅವರು ಒಪ್ಪಿದರು.

ಅರ್ಧ ಕೋಣೆ ಮುಗಿದಿತ್ತು. ಕುಂಟೆಯಲ್ಲಿ ಕಾಂಕ್ರೀಟ್ ಎಳೆಯುತ್ತಿದ್ದ ಕೆಲಸಗಾರನೊಬ್ಬ ಮೂಲೆಯತ್ತ ಸರಿದ. ಮುಳ್ಳು ನೋಡನೋಡುತ್ತಿದ್ದಂತೆ 50, 45, 40 ಎಂದು ಇಳಿಯಿತು. ಮಗ ಕೂಗಿದರು. ಎಲ್ಲರೂ ಕೈ ನಿಲ್ಲಿಸಿದರು. ಸ್ನಾನದ ಮನೆಯ ಬಾಗಿಲಿನ ಹತ್ತಿರ ಹಸಿ ಕಾಂಕ್ರೀಟಿನ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಗಾಳಿ ತುಂಬಿಟ್ಟಿದ್ದರಿಂದಲೇ ಜಾಗ ಕಣ್ಣಿಗೆ ಬಿತ್ತು. ಅಲ್ಲಿನ ಕಾಂಕ್ರೀಟನ್ನು ಕೈಯಿಂದ ತೋಡಿ, ಹರಿದಿದ್ದ ಪೈಪಿನ ತುಂಡು ಕತ್ತರಿಸಿ ತೆಗೆದು, ಹಿತ್ತಾಳೆಯ ಜೋಡಣೆ ಹಾಕಿ, ಕಾಂಕ್ರೀಟ್ ತಾಗದಂತೆ ಅದರ ಮೇಲೆ ಶಾಖಕ್ಕೆ ಬಿಗಿಯುವ ಪ್ಲಾಸ್ಟಿಕ್ ತೋಳು ಹಾಕಿ ಮತ್ತೆ 60ಕ್ಕೆ ಏರಿಸಿದರು. ಮುಳ್ಳು ನಿಂತ ಮೇಲೆಯೇ ಕೆಲಸ ಮುಂದುವರಿಯಿತು. ಜೋಡಣೆ ಎರಡು ಗೋಡೆಗಳಿಂದ ಎಷ್ಟೆಷ್ಟು ದೂರ ಎಂದು ಅಳೆದು ನಕ್ಷೆಯಲ್ಲಿ ಗುರುತು ಹಾಕಿದೆವು. ಕಾಂಕ್ರೀಟ್ ಬೀಳುವ ಮುಂಚೆ ಅಳತೆಯ ಟೇಪ್ ಹಾಸಿ ತೆಗೆದಿದ್ದ ಫೋಟೊಗಳೂ ಇದ್ದವು. ಅವು ಬಹಳ ಬೇಗ ಕೆಲಸಕ್ಕೆ ಬಂದವು: ಕಮೋಡಿನ ಪಕ್ಕ ತಂದೆ ಹಿಡಿದು ಏಳಲು ನೆಲಕ್ಕೆ ಬೋಲ್ಟ್ ಮಾಡುವ ಕಂಬಿ ಬೇಕಾಯಿತು, ಫೋಟೊ ನೋಡಿಯೇ ಪೈಪ್ ಇಲ್ಲದ ಜಾಗದಲ್ಲಿ ಡ್ರಿಲ್ ಮಾಡಿದರು.

ಆಮೇಲೆ 28 ದಿನ ನೆಲಕ್ಕೆ ಬಿಸಿ ಕೊಡಲಿಲ್ಲ. ಬೇಗ ಒಣಗಲಿ ಎಂದು ಬಿಸಿನೀರು ಬಿಟ್ಟರೆ ಕಾಂಕ್ರೀಟ್ ಬಿರುಕು ಬಿಡುತ್ತದೆ. ನಂತರ 25 ಡಿಗ್ರಿಯಿಂದ ಶುರು ಮಾಡಿ ದಿನಕ್ಕಿಷ್ಟು ಎಂದು ಏರಿಸಿದೆವು. ಮೇಲೆ ಟೈಲ್ಸ್ ಹಾಕಿಸಿದರು.

ಮೊದಲ ಚಳಿಗಾಲದ ದೂರು

ಡಿಸೆಂಬರ್ ಚೆನ್ನಾಗಿ ಕಳೆಯಿತು. ಜನವರಿಯಲ್ಲಿ ತಾಯಿಯೇ ಫೋನ್ ತೆಗೆದುಕೊಂಡು ಹೇಳಿದರು: "ನೋಡಪ್ಪಾ, ಬೆಳಗ್ಗೆ ಎದ್ದರೆ ಕೋಣೆ ಕೊರೀತದೆ. ಮಧ್ಯಾಹ್ನ ಆದ್ರೆ ಸೆಕೆ, ಕಿಟಕಿ ತೆಗೀಬೇಕು ಅನ್ನಿಸ್ತದೆ."

ಮೊದಲ ಕಾರಣ ಥರ್ಮೋಸ್ಟಾಟಿನಲ್ಲೇ ಸಿಕ್ಕಿತು. ಫರ್ನೇಸಿನ ಅಭ್ಯಾಸದಂತೆ ರಾತ್ರಿ ಹತ್ತಕ್ಕೆ ಇಳಿಸಿ ಬೆಳಗ್ಗೆ ಆರಕ್ಕೆ ಏರಿಸುವಂತೆ ಅದನ್ನು ಹೊಂದಿಸಲಾಗಿತ್ತು. ಗಾಳಿ ಬೇಗ ಕಾಯುತ್ತದೆ, ಹಾಗಾಗಿ ಫರ್ನೇಸಿಗೆ ಈ ಕ್ರಮ ಒಪ್ಪುತ್ತದೆ. ಇಲ್ಲಿದ್ದದ್ದು ಸುಮಾರು ಒಂಬತ್ತು ಟನ್ ಕಾಂಕ್ರೀಟ್. ಅದನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಎರಡು ಯೂನಿಟ್‌ಗೂ ಹೆಚ್ಚು ಶಾಖ ಬೇಕು, ಕೋಣೆ ಕಳೆದುಕೊಳ್ಳುತ್ತಿರುವುದು ಬೇರೆ. ಬೆಳಗ್ಗೆ ಆರಕ್ಕೆ ಕೇಳಿದ ಬಿಸಿ ನೆಲದ ಮೇಲೆ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು, ಅದೇ ಹೊತ್ತಿಗೆ ದಕ್ಷಿಣದ ಕಿಟಕಿಯ ಬಿಸಿಲೂ ಸೇರುತ್ತಿತ್ತು. ಹಗಲು ರಾತ್ರಿ ಒಂದೇ ಮಟ್ಟದಲ್ಲಿಟ್ಟು, ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ತಾನೇ ಏರಿಳಿಯುವ ನಿಯಂತ್ರಣವನ್ನು ಚಾಲೂ ಮಾಡಿಸಿದೆ. ಮಧ್ಯಾಹ್ನದ ಸೆಕೆ ಹೋಯಿತು. ಬೆಳಗಿನ ಚಳಿ ಹೋಗಲಿಲ್ಲ.

ಕಂಟ್ರಾಕ್ಟರ್ ನೀರನ್ನು 50 ಡಿಗ್ರಿಗೆ ಏರಿಸೋಣ ಎಂದರು. ಕಾರಣ ತಿಳಿಯದೆ ಏರಿಸುವುದು ಬೇಡ ಎಂದು ತಡೆದೆ. ಅಷ್ಟರಲ್ಲಿ ತಂದೆ ತಾಯಿ ಬೇರೆ ರಾಜ್ಯದಲ್ಲಿರುವ ಮಗಳ ಮನೆಗೆ ಹೋದರು. ಅವರಿಲ್ಲದ ದಿನಗಳಲ್ಲಿ ಹೊರಗೆ ಚಳಿ ಇನ್ನೂ ಹೆಚ್ಚಿತ್ತು, ಆದರೂ ಕೋಣೆ ಬೆಳಗಿನ ಜಾವದಲ್ಲೂ 21ರಲ್ಲೇ ನಿಂತಿತ್ತು. ಅವರು ಮರಳಿದ ರಾತ್ರಿಯಿಂದ ಮತ್ತೆ ಅದೇ ದೂರು. ಕಂಟ್ರೋಲರಿನ ದಾಖಲೆ ತೆಗೆಸಿ ನೋಡಿದೆ. ಅವರು ಇರುವ ರಾತ್ರಿಗಳಲ್ಲಿ ಪಂಪ್ ಹತ್ತು ಹತ್ತೂವರೆಗೆ ನಿಂತು ಬೆಳಗ್ಗೆ ಆರರ ನಂತರವೇ ಮತ್ತೆ ಶುರುವಾಗುತ್ತಿತ್ತು. ನಿಂತ ಕಾರಣವೂ ದಾಖಲಾಗಿತ್ತು: ನೆಲದ ಉಷ್ಣತೆ ಮಿತಿ ಮುಟ್ಟಿದೆ. ಕೋಣೆ ಕೊರೆಯುತ್ತಿರುವಾಗ ನೆಲ ಮಿತಿ ಮುಟ್ಟುವುದು ಹೇಗೆ?

ರಾತ್ರಿ ಅಲ್ಲಿ ಏನೇನು ನಡೆಯುತ್ತದೆ ಎಂದು ಸೊಸೆಯನ್ನು ಕೇಳಿದೆ. ಉತ್ತರ ತಕ್ಷಣ ಬಂತು. ಮಾವನವರಿಗೆ ಬೆನ್ನುನೋವು, ಮಂಚ ಆಗದು. ಊಟವಾಗಿ ಸ್ವಲ್ಪ ಹೊತ್ತಿಗೆ ಕೋಣೆಯ ನಡುವೆ ಜಮಖಾನೆ ಹಾಸಿ, ಅದರ ಮೇಲೆ ಹತ್ತಿಯ ಹಾಸಿಗೆ ಹಾಸುತ್ತಾರೆ. ಬೆಳಗ್ಗೆ ಸುತ್ತಿ ಮೂಲೆಗಿಡುತ್ತಾರೆ. ನೆಲದ ಬಿಸಿ 29 ಡಿಗ್ರಿ ಮೀರದಂತೆ ನೋಡಿಕೊಳ್ಳುವ ಸೆನ್ಸರ್ ಇದ್ದದ್ದು ಸರಿಯಾಗಿ ಆ ಹಾಸಿಗೆಯ ಅಡಿ. ದಪ್ಪ ಹತ್ತಿಯ ಕೆಳಗೆ ಶಾಖ ಸಿಕ್ಕಿಹಾಕಿಕೊಂಡು ಅಷ್ಟು ಜಾಗ ಮಾತ್ರ 29 ಮುಟ್ಟುತ್ತಿತ್ತು. ಇಡೀ ನೆಲ ಬಿಸಿಯಾಗಿದೆ ಎಂದು ತಿಳಿದು ಕಂಟ್ರೋಲರ್ ಪಂಪ್ ನಿಲ್ಲಿಸುತ್ತಿತ್ತು. ಹಾಸಿಗೆ ಸುತ್ತಿದ ಮೇಲೆ ಮತ್ತೆ ಹೊರಡುತ್ತಿತ್ತು.

ಸೆನ್ಸರನ್ನು ಜಾಗ ಬದಲಿಸಿದರೆ ಪಂಪಿನ ಸಮಸ್ಯೆ ತೀರುತ್ತಿತ್ತು. ಆದರೆ ಇನ್ನೊಂದು ಹುಟ್ಟುತ್ತಿತ್ತು: ಕಾವಲಿಲ್ಲದ ಹಾಸಿಗೆಯ ಅಡಿಯ ನೆಲ ರಾತ್ರಿಯಿಡೀ ಕಾಯುತ್ತಾ ಹೋಗಿ ನೀರಿನ ಉಷ್ಣತೆಯ ಹತ್ತಿರಕ್ಕೆ ಬರಬಹುದು. ಅದರ ಮೇಲೆ ಸ್ಪರ್ಶ ಕಡಿಮೆಯಿರುವ ಪಾದಗಳು ಗಂಟೆಗಟ್ಟಲೆ ಊರಿಕೊಂಡಿರುತ್ತವೆ. ಮುಟ್ಟಿದರೆ ಸುಡದಷ್ಟು ಬಿಸಿಯೂ ಬಹಳ ಹೊತ್ತು ತಾಗಿಕೊಂಡೇ ಇದ್ದರೆ ಚರ್ಮವನ್ನು ಸುಡಬಲ್ಲದು. ಸೆನ್ಸರ್ ದೂರು ತಂದಿದ್ದರೂ ಆ ರಾತ್ರಿಗಳಲ್ಲಿ ಅವರ ಕಾಲು ಕಾಪಾಡಿದ್ದು ಅದೇ. ಹಾಗಾಗಿ ಸೆನ್ಸರ್ ಸರಿಸುವುದು, ಹಾಸಿಗೆಯನ್ನು ನೆಲದಿಂದ ಮೇಲೆತ್ತುವುದು ಎರಡನ್ನೂ ಒಟ್ಟಿಗೆ ಮಾಡಬೇಕು, ಒಂದನ್ನೇ ಮಾಡುವುದಾದರೆ ಏನೂ ಬೇಡ ಎಂದು ಹೇಳಿದೆ.

ತಂದೆಯನ್ನು ಒಪ್ಪಿಸಿದ್ದು ಸೊಸೆ. ಮಂಚ ಎಂದರೆ ಅವರಿಗೆ ಕುಸಿಯುವ ಸ್ಪ್ರಿಂಗ್ ಹಾಸಿಗೆಯ ನೆನಪು. ಗಟ್ಟಿ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿದ, ಎದ್ದು ಕೂರಲು ಹಿತವಾದ ಎತ್ತರದ ಮಂಚ ಮಾಡಿಸಿ, ಅದೇ ಹತ್ತಿಯ ಹಾಸಿಗೆಯನ್ನು ಅದರ ಮೇಲೆ ಹಾಸಿದರು. ಕೆಳಗೆ ಗಾಳಿ ಆಡುತ್ತದೆ, ಬೆನ್ನಿಗೆ ನೆಲದಷ್ಟೇ ಗಟ್ಟಿ. ಮಂಡಿನೋವಿನ ತಾಯಿಗೂ ನೆಲದಿಂದ ಏಳುವ ಕಷ್ಟ ತಪ್ಪಿತು. ಮಂಚ ಬಂದ ಮೇಲೆಯೇ ಸೆನ್ಸರ್ ಸರಿಸಿದೆವು. ಸ್ಲ್ಯಾಬಿನಲ್ಲಿ ಖಾಲಿ ಕೊಳವೆಯೊಂದನ್ನು ಮುಂಜಾಗ್ರತೆಗೆ ಹಾಕಿಸಿದ್ದೆ, ಅದರಲ್ಲಿ ಎಳೆದು ದೇವರ ಮೂಲೆಗೆ ಹೋಗುವ ದಾರಿಗೆ ತಂದರು. ಆ ಜಾಗದಲ್ಲಿ ಏನೂ ಹಾಸುವುದಿಲ್ಲವೆಂದು ತಾಯಿ ಮಾತು ಕೊಟ್ಟರು. ದಪ್ಪ ರತ್ನಗಂಬಳಿಗಳನ್ನು ಮೇಲಿನ ಅಂತಸ್ತಿಗೆ ಕಳಿಸಿ, ಕೂರಲು ತೆಳು ಚಾಪೆ ಇಟ್ಟುಕೊಂಡರು. ಬೆಳಗಿನ ಚಳಿಯ ದೂರು ಅಲ್ಲಿಗೆ ನಿಂತಿತು.

ಹಿಮ ತೋರಿಸಿದ ತಪ್ಪು

ಫೆಬ್ರವರಿಯಲ್ಲಿ ಹಿಮ ಬಿದ್ದ ಮರುದಿನ ನಾನು ಹಿತ್ತಿಲಿಗೆ ಹೋಗಿದ್ದೆ. ಎಲ್ಲೆಡೆ ಮೊಣಕಾಲುದ್ದ ಹಿಮ. ಗಾಜಿನ ಬಾಗಿಲಿನ ಕೆಳಗೆ ಮಾತ್ರ, ಬಾಗಿಲಿನಷ್ಟೇ ಅಗಲಕ್ಕೆ, ಹಿಮ ಕರಗಿ ಒದ್ದೆ ಮಣ್ಣು ಕಾಣುತ್ತಿತ್ತು. ಥರ್ಮಲ್ ಕ್ಯಾಮೆರಾ ಹಿಡಿದರೆ ಪಾಯದ ಗೋಡೆಯ ಆ ಎಂಟು ಅಡಿ ಹಳದಿಯಾಗಿ ಹೊಳೆಯುತ್ತಿತ್ತು, ಅಕ್ಕಪಕ್ಕ ಎಲ್ಲ ನೀಲಿ. ಬಾಗಿಲಿನ ಹೊಸ್ತಿಲಿಗೆ ಗಟ್ಟಿ ಆಧಾರ ಬೇಕೆಂದು ಕಾಂಕ್ರೀಟ್ ದಿನ ಯಾರೋ ಅಲ್ಲಿನ ಅಂಚಿನ ಫೋಮನ್ನು ನಾಲ್ಕು ಅಂಗುಲ ಕತ್ತರಿಸಿದ್ದರು. ಇನ್‌ಸ್ಪೆಕ್ಟರ್ ಬಂದುಹೋದ ಮೇಲಿನ ಕೆಲಸ ಅದು. ಬಿಸಿ ಸ್ಲ್ಯಾಬ್ ನೇರವಾಗಿ ಪಾಯದ ಗೋಡೆಗೆ ತಾಗಿತ್ತು, ಅಲ್ಲಿಂದ ಶಾಖ ಬಯಲಿಗೆ ಹೋಗುತ್ತಿತ್ತು.

ನೆಲ ಬಿಸಿ ಮಾಡುವ ಮನೆಯಲ್ಲಿ ಅಂಚಿನ ಫೋಮ್ ಅಡಿಯ ಫೋಮಿಗಿಂತ ಮುಖ್ಯ. ಅಡಿಯ ಮಣ್ಣು ಚಳಿಗಾಲದಲ್ಲೂ ಅಷ್ಟೇನೂ ತಣ್ಣಗಾಗುವುದಿಲ್ಲ. ಅಂಚಿನಾಚೆ ಇರುವುದು −26ರ ಗಾಳಿ. ಮೇ ತಿಂಗಳಲ್ಲಿ ಹೊರಗಿನಿಂದ ಅಗೆದು, ಪಾಯದ ಗೋಡೆಗೆ ಫೋಮ್ ಹೊದಿಸಿ ಮೇಲೆ ತಗಡು ಬಡಿದರು. ಒಂದು ಫೋಮ್ ತುಂಡಿನ ಕೆಲಸಕ್ಕೆ ಅಗೆತ, ಫೋಮ್, ತಗಡು, ಮತ್ತೆ ಹುಲ್ಲು ಬೆಳೆಸುವುದು ಎಲ್ಲ ಸೇರಿತು. ಎರಡನೇ ಚಳಿಗಾಲದಲ್ಲಿ ಹಿಮ ಅಲ್ಲಿಯೂ ನಿಂತಿತು. ಹೊಸ್ತಿಲಿನ ಅಡಿಯ ಕಿರುಸಂದಿನಲ್ಲಿ ಮಾತ್ರ ಈಗಲೂ ಒಂದಿಷ್ಟು ಶಾಖ ಸೋರುತ್ತದೆ. ಬಾಗಿಲು ಕೀಳದೆ ಅದು ಹೋಗುವುದಿಲ್ಲ, ಕೀಳುವಷ್ಟು ದೊಡ್ಡದೂ ಅಲ್ಲ.

ಇದಾದ ಮೇಲೆ ನನ್ನ ಕೆಲಸದ ಕ್ರಮ ಎರಡು ಕಡೆ ಬದಲಾಗಿದೆ. ಕಾಂಕ್ರೀಟ್ ದಿನ ಗೇಜಿನ ಮುಂದೆ ಒಬ್ಬರು, ಅಂಚಿನ ಫೋಮ್ ಕಾಯಲು ಇನ್ನೊಬ್ಬರು ಇರಲೇಬೇಕು ಎಂದು ಕರಾರಿನಲ್ಲೇ ಬರೆಸುತ್ತೇನೆ. ಮೊದಲ ಭೇಟಿಯಲ್ಲಿ ಕಿಟಕಿ, ಗೋಡೆ ಅಳೆಯುವುದಕ್ಕೂ ಮುಂಚೆ ಮನೆಯ ಹೆಂಗಸರನ್ನು, ಹಿರಿಯರನ್ನು ಕೂರಿಸಿಕೊಂಡು ಕೇಳುತ್ತೇನೆ: ಎಲ್ಲಿ ಮಲಗುತ್ತೀರಿ, ಎಲ್ಲಿ ಕೂರುತ್ತೀರಿ, ಏನು ಹಾಸುತ್ತೀರಿ, ನೆಂಟರು ಬಂದರೆ ಹಾಸಿಗೆ ಎಲ್ಲಿಗೆ ಬರುತ್ತದೆ, ಯಾರ ಕಾಲಿಗೆ ಸ್ಪರ್ಶ ಕಡಿಮೆಯಿದೆ. ಅಮೆರಿಕದ ಮನೆಗಳಲ್ಲಿ ನೆಲ ನಡೆದಾಡಲಿಕ್ಕೆ ಎಂಬ ಎಣಿಕೆಯಲ್ಲೇ ಇಲ್ಲಿನ ವಿನ್ಯಾಸದ ಪಟ್ಟಿಗಳು ತಯಾರಾಗಿವೆ, ಈ ಪ್ರಶ್ನೆಗಳು ಅವುಗಳಲ್ಲಿ ಇಲ್ಲ.

ಕರೆಂಟ್ ಹೋದರೆ ಪೈಪಿನ ನೀರು ಹೆಪ್ಪುಗಟ್ಟುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಹೆಪ್ಪುಗಟ್ಟದಂತೆ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುವುದುಂಟು. ಸದಾ ಜನ ಇರುವ ಈ ಮನೆಗೆ ಅದು ಬೇಡವೆಂದೆವು. ಗ್ಲೈಕಾಲ್ ಬೆರೆಸಿದ ನೀರು ಹೊರುವ ಶಾಖ ಕಡಿಮೆ, ಪಂಪಿಗೆ ಶ್ರಮ ಹೆಚ್ಚು, ಕಾಲಕಾಲಕ್ಕೆ ಪರೀಕ್ಷೆಯೂ ಬೇಕು. ಒಂಬತ್ತು ಟನ್ ಬೆಚ್ಚನೆಯ ಕಾಂಕ್ರೀಟ್ ಬೇಗ ತಣ್ಣಗಾಗುವುದಿಲ್ಲ, ಪಂಪು ಮತ್ತು ಹೀಟರಿನ ಫ್ಯಾನಿಗೆ ಸಣ್ಣ ಜನರೇಟರ್ ಸಾಕು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿ ಊರಿಗೆ ಹೋಗುವ ಮನೆಯಾಗಿದ್ದರೆ ಗ್ಲೈಕಾಲ್ ಬೇಕೆಂದೇ ಹೇಳುತ್ತಿದ್ದೆ.

ಈ ಲೆಕ್ಕಗಳನ್ನು ಹೊಸದಾಗಿ ಸ್ಲ್ಯಾಬ್ ಹಾಕುವ ಕೋಣೆಗೆ ಮಾತ್ರ ಅನ್ವಯಿಸಿಕೊಳ್ಳಿ. ಈಗಾಗಲೇ ಇರುವ ಮರದ ನೆಲದ ಅಡಿಗೆ, ಜಂತೆಗಳ ನಡುವೆ ಅಲ್ಯೂಮಿನಿಯಂ ತಗಡಿನೊಂದಿಗೆ ಪೈಪ್ ಹೊಡೆಯುವ ವಿಧಾನವೂ ಇದೆ. ಅಲ್ಲಿ ಮರವೇ ಶಾಖಕ್ಕೆ ಅಡ್ಡ, ನೀರು ಇನ್ನೂ ಬಿಸಿ ಬೇಕು, ಚದರ ಅಡಿಗೆ ಸಿಗುವ ಶಾಖ ಕಡಿಮೆ. ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಅಂಥ ಮನೆಗೆ ಶಾಖನಷ್ಟದ ಲೆಕ್ಕವನ್ನು ಮೊದಲಿನಿಂದ ಬೇರೆಯಾಗಿಯೇ ಹಾಕಬೇಕು.